ಬೋಂಡನ ರಕ್ತ ತೆಗೆದವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೂ ಸೀಳಿತ್ತು. ಸರ್ಕಾರಿ ಪಶು ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಹಸುವೊಂದು ಅವರ ಕೈಯನ್ನು ಕಬ್ಬಿಣದ ಗೇಟಿಗೆ ಒತ್ತಿ ನಿಂತುಬಿಟ್ಟಿತ್ತಂತೆ. ಬಿದ್ದುಹೋದ ಉಗುರು ಮತ್ತೆ ಬಂದಾಗ ಎರಡು ಹೋಳಾಗಿಯೇ ಬಂತು. ಆ ಹೆಬ್ಬೆರಳಿನಿಂದ ನಾಯಿಯ ಮೇಲ್ದುಟಿಯನ್ನು ಸರಿಸಿ, ವಸಡನ್ನು ಒತ್ತಿ ಬಿಟ್ಟು, ‘ಒಂದು... ಎರಡು...’ ಎಂದು ಎಣಿಸುವರು. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಬಣ್ಣಕ್ಕೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಕ್ರಮ ಅದು. ಎಣಿಸುವಾಗ ಯಾರಾದರೂ ಕೆಮ್ಮಿದರೆ ದುರುಗುಟ್ಟಿ ನೋಡುವರು. ನಾನು ಮೊದಲ ಸಲ ಹೋದ ದಿನ ಮಾತ್ರ ಎಣಿಕೆ ಶುರುವಾಗಲೇ ಇಲ್ಲ. ನಮ್ಮ ನಾಯಿ ಬೋಂಡನ ತುಟಿ ಎತ್ತಿದವರು ಹೆಬ್ಬೆರಳನ್ನು ಅಲ್ಲೇ ನಿಲ್ಲಿಸಿ, ‘ಇದು ಯಾವಾಗಿಂದ ಹೀಗಿದೆ?’ ಎಂದರು.

ನಿವೃತ್ತ ಪಶುವೈದ್ಯೆ ಅವರು. ಚಂದ್ರಾ ಲೇಔಟಿನಲ್ಲಿದ್ದ ತಮ್ಮ ಮನೆಯ ಕಾರ್ ಶೆಡ್ಡನ್ನೇ ಕ್ಲಿನಿಕ್ ಮಾಡಿಕೊಂಡಿದ್ದರು. ಸುತ್ತಲಿನವರ ಬಾಯಲ್ಲಿ ‘ನಾಯಿ ಡಾಕ್ಟ್ರಮ್ಮ’. ಅರವತ್ತು ದಾಟಿದ ಕುಳ್ಳನೆಯ ಹೆಂಗಸು. ಹತ್ತಿ ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ ಹಾಕಿಕೊಂಡು ಕೆಲಸ ಮಾಡುವರು. ಬಾಗಿಲಲ್ಲಿ ಒಂದು ರಟ್ಟು ತೂಗುತ್ತಿತ್ತು: ‘ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ.’ ನಾನು ಚಪ್ಪಲಿಯನ್ನು ಮಾತ್ರ ಬಿಟ್ಟು ಹೋಗುತ್ತಿದ್ದೆ.

ವಿಜಯನಗರದ ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ, ಬೋಂಡ ಮೂರೇ ಜನ. ಬೋಂಡ ಬೀದಿ ತಳಿಯ ನಾಯಿ. ಹದವಾಗಿ ಕರಿದ ಬೋಂಡದ ಬಣ್ಣ. ಆಗ ಅವನಿಗೆ ಎಂಟು ವರ್ಷ. ನನ್ನ ಬಗ್ಗೆ ಹೇಳುವುದಾದರೆ, ಚಿಂತೆ ಮಾಡುವುದೇ ನನ್ನ ಪೂರ್ಣಾವಧಿ ಕೆಲಸ; ಸಹಕಾರ ಸಂಘದ ಗುಮಾಸ್ತಿಕೆ ಬಿಡುವಿನ ವೇಳೆಯದು. ಆ ವರ್ಷ ಬೋಂಡ ದಿನವಿಡೀ ಮಲಗತೊಡಗಿದ. ಎದ್ದರೆ ಬಕೆಟ್ಟಿಗೆ ಬಾಯಿಟ್ಟು ನೀರು ಕುಡಿಯುವನು, ಎಂದೂ ಇಲ್ಲದವನು ಮನೆಯೊಳಗೇ ಉಚ್ಚೆ ಮಾಡುವನು. ಸುಸ್ತು ಎಂದರೆ ರಕ್ತ ಕಡಿಮೆ. ಇಷ್ಟು ತಿಳಿಯಲು ನಮ್ಮ ಮನೆಗಳಲ್ಲಿ ಯಾವ ಲ್ಯಾಬೂ ಬೇಕಾಗಿಲ್ಲ. ಬೀಟ್‌ರೂಟ್ ಬೇಯಿಸಿ ಹಾಕಿದೆವು. ಖರ್ಜೂರ ಕೊಟ್ಟೆವು. ನನ್ನ ಹೆಂಡತಿ ಅರ್ಧ ಕುಡಿದು ಬಿಟ್ಟಿದ್ದ ಐರನ್ ಟಾನಿಕ್ಕನ್ನು ನಾನೇ ಚಮಚದಲ್ಲಿ ಕುಡಿಸಿದೆ. ತಿಂಗಳೊಳಗೆ ಅವನ ವಸಡು ಮಾಗಿದ ಟೊಮೇಟೊದಂತೆ ಕೆಂಪಾಯಿತು. ನಾನು ಗೆದ್ದೆನೆಂದುಕೊಂಡು ಅಕ್ಕಪಕ್ಕದವರಿಗೂ ತುಟಿ ಎತ್ತಿ ತೋರಿಸಿದೆ. ಅದಾದ ನಾಲ್ಕನೆಯ ದಿನ ಬೆಳಿಗ್ಗೆ ನಾನು ಗಡ್ಡ ಕೆರೆಯುತ್ತಿದ್ದಾಗ ಬೋಂಡ ಹಜಾರದಲ್ಲಿ ದೊಪ್ಪನೆ ಬಿದ್ದು, ನಾಲ್ಕೂ ಕಾಲು ಸೆಟೆದು, ಬಾಯಲ್ಲಿ ನೊರೆ ತಂದುಕೊಂಡ. ಅರ್ಧ ಮುಖದ ಸೋಪನ್ನು ಹಾಗೇ ಇಟ್ಟುಕೊಂಡು ಆಟೋ ಹತ್ತಿದೆ.

‘ಈ ತಿಂಗಳು ಚೆನ್ನಾಗಿ ಕೆಂಪಗಾಗಿದೆ ಮೇಡಂ,’ ಎಂದು ಅವರ ಪ್ರಶ್ನೆಗೆ ಉತ್ತರಿಸಿದೆ.

‘ಚೆನ್ನಾಗಿ ಅಂತ ಯಾರು ಹೇಳಿದ್ರು?’

‘ಬೀಟ್‌ರೂಟ್ ಕೊಡ್ತಿದ್ವಿ... ಆಮೇಲೆ ಐರನ್ ಟಾನಿಕ್ಕು...’

‘ಯಾರ ಟಾನಿಕ್ಕು?’

‘ನನ್ನ ಹೆಂಡತಿದು.’

‘ಅವರಿಗೆ ಏನ್ ಕೊಟ್ರಿ, ನಾಯಿ ಬಿಸ್ಕತ್ತಾ?’ ಎನ್ನುತ್ತಲೇ ಮುಂಗಾಲಿನ ರೋಮ ಬೋಳಿಸಿ ಸೂಜಿ ಚುಚ್ಚಿದರು. ಬಂದ ರಕ್ತ ಕಪ್ಪಗೆ, ಬೆಲ್ಲದ ಪಾಕದ ಹಾಗಿತ್ತು. ಅದನ್ನು ಕಡ್ಡಿಗಿಂತ ತೆಳ್ಳಗಿನ ಒಂದು ಗಾಜಿನ ನಳಿಗೆಗೆ ಏರಿಸಿ, ತಳವನ್ನು ಮೇಣದಿಂದ ಮುಚ್ಚಿ, ಮೂಲೆಯಲ್ಲಿದ್ದ ಹಳೆಯ ಯಂತ್ರದಲ್ಲಿಟ್ಟು ತಿರುಗಿಸಿದರು. ಮಿಕ್ಸಿಯಂಥ ಸದ್ದು. ಐದು ನಿಮಿಷದ ನಂತರ ನಳಿಗೆಯನ್ನೂ ಗೀಟು ಹಾಕಿದ ಒಂದು ಅಳತೆಯ ಕಾರ್ಡನ್ನೂ ನನ್ನ ಕೈಗೆ ಕೊಟ್ಟು, ‘ನೀವೇ ಓದಿ,’ ಎಂದರು.

ಅದು ಅವರ ಪದ್ಧತಿ. ಯಾರ ನಾಯಿಯೋ ಅವರೇ ಮೊದಲು ಓದಬೇಕು. ಕೆಳಗೆ ಕೆಂಪು ಕಣಗಳು ಕೂತಿರುತ್ತವೆ, ಮೇಲೆ ತಿಳಿ ಹಳದಿ ನೀರು. ಕೆಂಪು ನೂರರಲ್ಲಿ ಎಷ್ಟರವರೆಗೆ ಬಂದಿದೆ ಎಂದು ನೋಡಬೇಕು. ನಳಿಗೆಯಲ್ಲಿ ಹಳದಿ ಹುಡುಕುವುದೇ ಕಷ್ಟವಾಗಿತ್ತು.

‘ಎಪ್ಪತ್ತಾರು,’ ಎಂದೆ. ‘ಉಲ್ಟಾ ಹಿಡಿದಿದೀನಾ ಮೇಡಂ?’

‘ಸರಿಯಾಗೇ ಹಿಡಿದಿದೀರಿ. ಐವತ್ತೈದು ದಾಟಬಾರದು.’ ಕುರ್ಚಿ ಎಳೆದು ನನ್ನೆದುರು ಕೂತರು. ‘ಸಾರು ಕುದ್ದೂ ಕುದ್ದೂ ಗೊಜ್ಜಾಗುತ್ತಲ್ಲ, ಹಾಗಾಗಿದೆ ಇವನ ರಕ್ತ. ಕೆಂಪು ಕಣ ವಿಪರೀತ ತಯಾರಾಗ್ತಾ ಇದೆ. ಮೆದುಳಲ್ಲಿ ಕೂದಲಿನಂಥ ನಾಳ ಇರ್ತವೆ, ಅಲ್ಲಿ ಗೊಜ್ಜು ಹರಿಯಲ್ಲ. ಅದಕ್ಕೇ ಫಿಟ್ಸ್ ಬಂತು. ಇನ್ನೊಂದು ಬಂದ್ರೆ ಉಳೀತಾನೆ ಅಂತ ನಾನು ಹೇಳಲ್ಲ.’

‘ನನ್ನ ಟಾನಿಕ್ಕಿಂದ ಆಯ್ತಾ?’

‘ನಿಮ್ಮ ಟಾನಿಕ್ಕಿಗೆ ಅಷ್ಟು ತಾಕತ್ತಿದ್ದಿದ್ರೆ ರಕ್ತ ಕಮ್ಮಿ ಇರೋ ಅರ್ಧ ಊರಿಗೆ ನಾನೇ ಕುಡಿಸ್ತಿದ್ದೆ. ಅದರಿಂದ ಅಲ್ಲ. ಆದ್ರೆ ಇವತ್ತಿಗೆ ನಿಲ್ಲಿಸಿ. ಈಗ ರಕ್ತ ತೆಗೀಬೇಕು. ಸುಮಾರು ಮುನ್ನೂರು ಎಂಎಲ್.’

ನಾನು ಜೀವಮಾನದಲ್ಲಿ ಒಮ್ಮೆ ರಕ್ತದಾನಕ್ಕೆಂದು ಹೋಗಿ, ಅರ್ಜಿ ತುಂಬುವಾಗಲೇ ತಲೆ ಸುತ್ತಿ, ದಾನಿಗಳಿಗೆಂದು ಇಟ್ಟಿದ್ದ ಬಿಸ್ಕತ್ತು ತಿಂದು ಬಂದವನು. ಕಾಯಿಲೆ ಬಿದ್ದವನಿಂದ ರಕ್ತ ತೆಗೆಯುವುದೆಂದರೆ ನನ್ನ ಬುದ್ಧಿಗೆ ನಿಲುಕಲಿಲ್ಲ. ‘ತೆಗೆದ್ರೆ ಸುಸ್ತಾಗಲ್ವಾ?’ ಎಂದೆ. ‘ತೆಗೀದಿದ್ರೆ ಸುಸ್ತಾಗೋಕೆ ಅವನು ಇರಲ್ಲ,’ ಎಂದರು. ನಾನು ಹೂಂ ಎನ್ನುವವರೆಗೆ ಸೂಜಿ ಮುಟ್ಟಲಿಲ್ಲ. ಹೂಂ ಎನ್ನಲು ನನಗೆ ಎಷ್ಟು ಹೊತ್ತು ಬೇಕಾಯಿತೋ, ನನ್ನ ಹೆಂಡತಿ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾಳೆ.

ಕತ್ತಿನ ದೊಡ್ಡ ನಾಳಕ್ಕೆ ದಪ್ಪ ಸೂಜಿ, ಮುಂಗಾಲಿಗೆ ಡ್ರಿಪ್ಸ್. ಒಂದು ಕಡೆ ಗೊಜ್ಜು ಹೊರಗೆ ಹೋಗುತ್ತಿದ್ದ ಹಾಗೆ ಇನ್ನೊಂದು ಕಡೆಯಿಂದ ಉಪ್ಪುನೀರು ಒಳಗೆ ಬರಬೇಕು. ನನ್ನನ್ನು ಬೋಂಡನ ತಲೆಯ ಬಳಿ ಕೂರಿಸಿ, ‘ಮಾತಾಡ್ತಾ ಇರಿ,’ ಎಂದರು.

‘ಏನ್ ಮಾತಾಡ್ಲಿ?’

‘ಏನಾದ್ರೂ. ನಿಮ್ಮ ದನಿ ಬರ್ತಿರೋವರೆಗೂ ಅವನ ಕಿವಿ ತಿರುಗುತ್ತೆ. ನಾನು ಕಿವಿ ನೋಡ್ಕೋತೀನಿ. ಕಿವಿ ನಿಂತ್ರೆ ನಾನೂ ನಿಲ್ಲಿಸ್ತೀನಿ.’

ನಾಯಿಯ ಹತ್ತಿರ ಅಷ್ಟು ಹೊತ್ತು ಮಾತಾಡಲು ನನ್ನಲ್ಲಿ ಇದ್ದ ಸರಕು ಒಂದೇ. ನನ್ನ ಚಿಂತೆಗಳ ಪಟ್ಟಿಯನ್ನು ಶುರು ಮಾಡಿದೆ. ಬರುವಾಗ ಗೀಸರ್ ಆರಿಸಿದೆನೋ ಇಲ್ಲವೋ ಬೋಂಡ. ಮಹಡಿಯ ನೀರಿನ ಟ್ಯಾಂಕಿನ ಕೆಳಗೆ ಒಂದು ಬಿರುಕಿದೆ, ಅದು ಮೊನ್ನೆಗಿಂತ ಉದ್ದವಾಗಿದೆ. ನಿಮ್ಮಮ್ಮನ ಮಂಡಿನೋವು ಬರೀ ಮಂಡಿನೋವೇ ಅಂತ ಯಾರಿಗೆ ಗೊತ್ತು. ಮೆಟ್ರೊ ಮೆಟ್ಟಿಲು ಹತ್ತುವಾಗ ನನಗೆ ಎಡಗಡೆ ಏನೋ ಹಿಡಿದ ಹಾಗಾಗುತ್ತೆ, ಯಾರಿಗೂ ಹೇಳಿಲ್ಲ ಕಣೋ. ಬೋಂಡನ ಕಿವಿ ಸಣ್ಣಗೆ ತಿರುಗುತ್ತಿತ್ತು. ಚೀಲ ತುಂಬುತ್ತಿತ್ತು. ಅರ್ಧದಲ್ಲಿ ರಕ್ತ ನಿಂತಿತು.

ದಪ್ಪ ಸೂಜಿಯೂ ಕಟ್ಟಿಕೊಂಡಿತ್ತು. ಡಾಕ್ಟ್ರಮ್ಮ ಅದನ್ನು ಕಿತ್ತು, ಹೊಸದನ್ನು ತೆಗೆದು, ಇನ್ನೊಂದು ಕಡೆಯ ನಾಳಕ್ಕೆ ಬೆರಳಾಡಿಸಿದರು. ಸಿಗಲಿಲ್ಲ. ಬೋಂಡನ ಕಣ್ಣು ಮೇಲಕ್ಕೆ ಹೊರಳಿತು. ನನ್ನ ಮಾತು ನಿಂತುಹೋಗಿತ್ತು.

‘ರೀ, ಮಾತಾಡಿ!’

‘ಪ್ರಾವಿಡೆಂಟ್ ಫಂಡು...’ ಎಂದೆ. ಮುಂದೇನೂ ಹೊಳೆಯಲಿಲ್ಲ. ‘ಪ್ರಾವಿಡೆಂಟ್ ಫಂಡು ಬೋಂಡ, ಪ್ರಾವಿಡೆಂಟ್ ಫಂಡು.’ ಅದನ್ನೇ ಎಷ್ಟು ಸಲ ಹೇಳಿದೆನೋ. ಎಡಗಿವಿ ಒಮ್ಮೆ ಅದುರಿತು. ‘ಸಿಕ್ತು,’ ಎಂದರು ಅವರು. ಕೊಳವೆಯಲ್ಲಿ ಕಪ್ಪು ಗೆರೆ ಮತ್ತೆ ಹರಿಯಿತು.

ಅದೇ ಹೊತ್ತಿನಲ್ಲಿ ಶೆಡ್ಡಿನ ಬೆಂಚಿನ ಮೇಲೆ ಸುಂಕದಕಟ್ಟೆಯಿಂದ ಬಂದಿದ್ದ ಒಬ್ಬಾಕೆ ಕೂತಿದ್ದರು. ಮಡಿಲಲ್ಲಿ ಉಣ್ಣೆ ಕಡಿತದ ಜ್ವರದಿಂದ ರಕ್ತವೇ ಬತ್ತಿದ ಒಂದು ನಾಯಿಮರಿ. ಅದರ ವಸಡು ಸುಣ್ಣದ ಹಾಗಿತ್ತು. ತುಂಬಿದ ಚೀಲವನ್ನು ನೋಡಿ ಆಕೆ ಎದ್ದು ಬಂದರು. ‘ಮೇಡಂ, ಹೆಂಗೂ ಚೆಲ್ತೀರಲ್ಲ, ನಮ್ದಕ್ಕೆ ಹಾಕ್ಬಿಡಿ. ಕೈ ಮುಗೀತೀನಿ.’ ನನಗೂ ಅದೇ ನ್ಯಾಯವೆನ್ನಿಸಿತು. ಕೊಡಿ ಎಂದು ನಾನೂ ಹೇಳಿದೆ.

ಡಾಕ್ಟ್ರಮ್ಮ ಚೀಲಕ್ಕೆ ಗಂಟು ಹಾಕಿದರು. ‘ಈ ರಕ್ತ ಯಾಕೆ ಕೆಟ್ಟಿದೆ ಅಂತ ನನಗೇ ಇನ್ನೂ ಗೊತ್ತಿಲ್ಲಮ್ಮ. ಗೊತ್ತಿಲ್ಲದ್ದನ್ನ ನಿಮ್ಮ ಮರಿಗೆ ಹಾಕಲ್ಲ.’ ಆಕೆ ಅತ್ತರು, ಬೈದರು. ಇವರು ಗೋಡೆಗೆ ನೇತುಹಾಕಿದ್ದ ಉದ್ದನೆಯ ಪುಸ್ತಕ ತೆಗೆದರು. ರಕ್ತ ಕೊಡಬಲ್ಲ ಗಟ್ಟಿಮುಟ್ಟಾದ ನಾಯಿಗಳ ಹೆಸರು, ತೂಕ, ಮನೆಯವರ ನಂಬರು ಅದರಲ್ಲಿದ್ದವು. ನಿಂತಲ್ಲೇ ಒಂಬತ್ತು ಮನೆಗೆ ಫೋನ್ ಮಾಡಿದರು. ಮಧ್ಯಾಹ್ನದೊಳಗೆ ನಾಗರಬಾವಿಯಿಂದ ಒಂದು ಲ್ಯಾಬ್ರಡಾರ್ ಬಾಲ ಅಲ್ಲಾಡಿಸುತ್ತಾ ಬಂದಿಳಿಯಿತು. ಮರಿ ಬದುಕಿತು.

ಬೋಂಡನ ವಿಷಯ ಅಷ್ಟಕ್ಕೆ ಮುಗಿಯಲಿಲ್ಲ. ರಕ್ತ ಹೀಗೆ ಹೆಚ್ಚಲು ಕಾರಣ ಹುಡುಕಬೇಕಿತ್ತು. ‘ಮೈಯಲ್ಲಿ ನೀರು ಕಮ್ಮಿ ಆದ್ರೂ ನಂಬರ್ ಏರುತ್ತೆ, ಇವನಿಗೆ ಹಾಗಾಗಿಲ್ಲ. ಹೃದಯನೋ ಶ್ವಾಸಕೋಶನೋ ಕೆಟ್ಟು ಗಾಳಿ ಸಾಲದೆ ಹೋದ್ರೆ, ಮೈ ತಾನಾಗೇ ಇನ್ನಷ್ಟು ರಕ್ತ ಬೇಕು ಅನ್ನುತ್ತೆ. ಕಿಡ್ನಿಯಲ್ಲಿ ಗಡ್ಡೆ ಇದ್ರೂ ಸುಳ್ಳು ಆರ್ಡರ್ ಹೋಗುತ್ತೆ. ಇದ್ಯಾವುದೂ ಇಲ್ಲದಿದ್ರೆ ಮೂಳೆಯೊಳಗಿನ ಮಜ್ಜೆಯೇ ಯಾರ ಮಾತೂ ಕೇಳದೆ ತಯಾರಿಸ್ತಾ ಇದೆ ಅಂತ.’ ನಾಲಿಗೆಗೆ ಕ್ಲಿಪ್ಪು ಹಾಕಿ ರಕ್ತದಲ್ಲಿರುವ ಆಮ್ಲಜನಕದ ಅಳತೆ ನೋಡಿದರು, ಎದೆಯ ಎಕ್ಸ್‌ರೇ ತೆಗೆಸಿದರು, ಕಿಡ್ನಿಯ ಸ್ಕ್ಯಾನಿಂಗಿಗೆ ಕಳಿಸಿದರು. ಆ ಒಂದು ವಾರ ನಾನು ಪ್ರತಿಯೊಂದು ಅಂಗಕ್ಕೂ ಪ್ರತ್ಯೇಕವಾಗಿ ಹೆದರಿದೆ. ಎಲ್ಲವೂ ಸ್ವಚ್ಛ ಎಂದು ಬಂದಾಗ ಕುಣಿದೆ. ‘ಕುಣೀಬೇಡಿ,’ ಎಂದರು. ‘ಮಜ್ಜೆಯದೇ ಕಾಯಿಲೆ ಅಂತಾಯ್ತು. ಗುಣ ಮಾಡಕ್ಕಾಗಲ್ಲ. ಹಿಡಿದಿಡಬಹುದು.’

ಹಿಡಿದಿಡಲು ಒಂದು ಕ್ಯಾಪ್ಸೂಲು. ಮನುಷ್ಯರ ರಕ್ತದ ಕಾಯಿಲೆಗೂ ಕೊಡುವಂಥದ್ದು; ಬಿಡಿಸುವಂತಿಲ್ಲ, ಗ್ಲೌಸ್ ಇಲ್ಲದೆ ಮುಟ್ಟುವಂತಿಲ್ಲ. ಎರಡು ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಶೆಡ್ಡಿನಲ್ಲಿ ತೆಪ್ಪಗೆ ಕೂರಬೇಕು. ನಾಯಿ ಗಾಬರಿಯಾದರೆ ಹೊಟ್ಟೆಯೊಳಗಿನ ಗುಲ್ಮ ಎಂಬ ಅಂಗದಲ್ಲಿ ಕೂಡಿಟ್ಟ ರಕ್ತವೆಲ್ಲ ಒಮ್ಮೆಗೇ ಹೊರಬಿದ್ದು ನಂಬರ್ ಸುಳ್ಳಾಗಿ ಏರುತ್ತದಂತೆ. ‘ನಿಮ್ಮ ಗಾಬರಿ ಹಗ್ಗದಲ್ಲಿ ಇಳಿದು ಅವನಿಗೆ ಹೋಗುತ್ತೆ. ಮೊದಲು ನಿಮ್ಮ ಕೈಗೆ ಕೆಲಸ ಕೊಡ್ಬೇಕು,’ ಎಂದು ನನ್ನ ಮುಂದೆ ಮೊರ ತಂದಿಟ್ಟರು. ಚಳಿಗಾಲದಲ್ಲಿ ಅವರೆಕಾಯಿ, ಉಳಿದ ದಿನಗಳಲ್ಲಿ ಮೆಂತ್ಯದ ಸೊಪ್ಪು. ಆ ಮನೆಯ ಹುಳಿಗೆ ಹೋದ ಕಾಳನ್ನೆಲ್ಲ ನಾಯಿ ಸಾಕಿದವರೇ ಸುಲಿದದ್ದು. ಇನ್ಸ್‌ಪೆಕ್ಟರೊಬ್ಬರು ಯೂನಿಫಾರ್ಮಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ನಾಯಿ ಅವರಿಗಿಂತ ಧೈರ್ಯವಾಗಿತ್ತು.

ಇನ್ನು ನನ್ನ ಫೋನುಗಳು. ಬೋಂಡ ಎರಡು ಸಲ ಸೀನಿದರೆ ಫೋನು. ಮಲ ಗಟ್ಟಿಯಾದರೆ ಫೋನು. ‘ಯಾವಾಗ್ಲೂ ಎಡಗಡೆ ಮಲಗೋನು, ಇವತ್ತು ಬಲಗಡೆ ಮಲಗಿದಾನೆ ಮೇಡಂ.’ ‘ನಾಳೆ ಬೆನ್ನ ಮೇಲೆ ಮಲಗಿದ್ರೆ ತಿಳಿಸಿ,’ ಎನ್ನುವರು. ಒಂದು ಸಲವೂ ಫೋನ್ ಎತ್ತದೆ ಇರಲಿಲ್ಲ. ಒಂದು ಶುಕ್ರವಾರ ಮಾತ್ರ, ಶೆಡ್ಡಿನ ತುಂಬ ಜನರಿದ್ದಾಗ ನಗುತ್ತಾ ಹೇಳಿದರು: ‘ರೀ, ಭಾನುವಾರ ನಮ್ಮಕ್ಕನ ಮೊಮ್ಮಗಳ ಮದುವೆ. ಒಂದು ದಿನ ನನಗೆ ರಜಾ ಕೊಡ್ತೀರಾ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

ಶನಿವಾರ ಸಂಜೆ ಬೋಂಡ ಅನ್ನ ಮುಟ್ಟಲಿಲ್ಲ. ಭಾನುವಾರ ಮೈ ಸುಡುತ್ತಿತ್ತು.

‘ಫೋನ್ ಮಾಡ್ರೀ,’ ಎಂದಳು ನನ್ನ ಹೆಂಡತಿ.

‘ಮದುವೆ ಮನೇಲಿ ಇರ್ತಾರೆ ಕಣೇ.’

‘ಇದ್ರೆ ಏನಂತೆ? ಸೀನಿದ್ದಕ್ಕೆಲ್ಲ ಮಾಡಿದೀರಲ್ಲ.’

‘ಅದಕ್ಕೇ ಬೇಡ ಅಂದಿದ್ದು. ಮೊನ್ನೆ ಎಲ್ಲರೆದುರಿಗೆ ನಗೆಪಾಟಲಾಯ್ತು.’

ಸೋಮವಾರ ಬೆಳಿಗ್ಗೆ, ಮದುವೆಯ ಓಡಾಟದಿಂದ ದಣಿದಿರುತ್ತಾರೆ ಎಂದೆ. ಮಧ್ಯಾಹ್ನ ಬೋಂಡ ಏಳಲು ಹೋಗಿ ಕಾಲು ನಿಲ್ಲದೆ ಕುಸಿದ. ನಾವು ಹತ್ತಿದ ಆಟೋ ಮಾರ್ಕೆಟ್ ಬೀದಿಯಲ್ಲಿ ಹೂವಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ನಿಂತಾಗ, ಅವನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದುಬಿಟ್ಟೆ. ಹದಿನೆಂಟು ಕಿಲೋ. ಐವತ್ತೆರಡು ವಯಸ್ಸಿನ ಗುಮಾಸ್ತ. ಎಡಗಡೆ ಏನೋ ಹಿಡಿದ ಹಾಗಾಯಿತು, ಹೆದರಲು ಪುರುಸೊತ್ತಿರಲಿಲ್ಲ.

ಈ ಸಲ ವಸಡು ಮಾಸಲು ಬಿಳಿ. ಹೆಬ್ಬೆರಳು ಒತ್ತಿ ಬಿಟ್ಟರು. ‘ಒಂದು... ಎರಡು... ಮೂರು... ನಾಲ್ಕು.’ ಥರ್ಮಾಮೀಟರ್ ನೋಡಿ, ರಕ್ತ ತೆಗೆದು, ಗಾಜಿನ ಪಟ್ಟಿಗೆ ಸವರಿ, ಮೈಕ್ರೋಸ್ಕೋಪಿಗೆ ಬಗ್ಗಿದವರು ಬಹಳ ಹೊತ್ತು ತಲೆಯೆತ್ತಲಿಲ್ಲ. ಕೆಂಪನ್ನು ಹಿಡಿದಿಡಬೇಕಾದ ಕ್ಯಾಪ್ಸೂಲು ಬಿಳಿ ಕಣಗಳನ್ನೂ ನಿಲ್ಲಿಸಿಬಿಟ್ಟಿತ್ತು. ಸೋಂಕಿನ ಜೊತೆ ಕಾದಾಡಲು ಮೈಯಲ್ಲಿ ಯಾರೂ ಇರಲಿಲ್ಲ.

‘ಯಾವಾಗಿಂದ?’

‘ಶನಿವಾರ ಸಂಜೆಯಿಂದ.’

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಆಂಟಿಬಯೋಟಿಕ್ ಕೊಟ್ಟು, ಡ್ರಿಪ್ಸ್ ಏರಿಸಿ, ಕೈ ತೊಳೆದು ಬಂದರು. ‘ಅಷ್ಟು ಸಲ ಸುಮ್ಮಸುಮ್ಮನೆ ಫೋನ್ ಮಾಡಿದ್ರಲ್ಲ, ಒಂದು ಸಲನಾದ್ರೂ ನಾನು ಎತ್ತದೆ ಇದ್ನಾ?’

‘ಇಲ್ಲ ಮೇಡಂ. ನೀವು ರಜಾ ಅಂದ್ರಲ್ಲ...’

ಅವರು ಅಂಗಿಯ ತೋಳನ್ನು ಇಳಿಸಿ, ಗುಂಡಿ ಹಾಕಿಕೊಂಡು, ಮತ್ತೆ ಬಿಚ್ಚಿದರು. ‘ತಮಾಷೆ ಮಾಡಿದ್ದು ನನ್ನ ತಪ್ಪು,’ ಎಂದರು. ‘ಯಾರ ಹತ್ತಿರ ಮಾಡ್ಬಾರ್ದಿತ್ತೋ ಅವರ ಹತ್ತಿರಾನೇ ಮಾಡಿದೆ.’

ನಾಲ್ಕು ದಿನ ಬೋಂಡ ಶೆಡ್ಡಿನಲ್ಲೇ ಇದ್ದ. ನಾನು ರಜೆ ಹಾಕಿ ಪಕ್ಕದಲ್ಲಿ ಕೂತೆ. ಎರಡನೆಯ ದಿನ ಅವನ ಉಸಿರು ಎಷ್ಟು ಮೆಲ್ಲಗಾಯಿತೆಂದರೆ, ಡಾಕ್ಟ್ರಮ್ಮ ಬೇರೆ ನಾಯಿಗಳನ್ನು ನೋಡುವುದನ್ನು ಬಿಟ್ಟು ಬಾಗಿಲು ಎಳೆದರು. ಮೂರನೆಯ ದಿನ ಜ್ವರ ಇಳಿಯಿತು. ನಾಲ್ಕನೆಯ ದಿನ ಅವರು ಊಟಕ್ಕೆ ಕೂತಾಗ ಅವನು ತೆವಳಿಕೊಂಡು ಹೋಗಿ ಅವರ ತಟ್ಟೆಯ ಮೊಸರನ್ನಕ್ಕೆ ಬಾಯಿ ಹಾಕಿದ. ಅವರು ತಟ್ಟೆಯನ್ನು ಅವನ ಕಡೆ ಇನ್ನಷ್ಟು ಸರಿಸಿದರು.

ಕ್ಯಾಪ್ಸೂಲನ್ನು ಕೆಲವು ವಾರ ನಿಲ್ಲಿಸಿ, ಮತ್ತೆ ದಿನ ಬಿಟ್ಟು ದಿನದಂತೆ ಶುರು ಮಾಡಿದರು. ಮನೆಗೆ ಕರೆದುಕೊಂಡು ಬಂದ ದಿನ ಸಂಜೆ ಏಳಕ್ಕೆ ಫೋನ್ ಬಂತು. ‘ಹೇಳಿ,’ ಎಂದರು. ಅಷ್ಟೇ. ‘ತಿಂದ, ನಡೆದ, ವಸಡು ತೆಳು ಗುಲಾಬಿ,’ ಎಂದೆ. ‘ಸರಿ,’ ಎಂದು ಇಟ್ಟರು. ಮರುದಿನವೂ ಏಳಕ್ಕೆ. ಅದರ ಮರುದಿನವೂ. ಎರಡು ವರ್ಷ, ಹಬ್ಬ ಹುಣ್ಣಿಮೆ ಯಾವುದಕ್ಕೂ ಬಿಡದೆ, ಅವರೇ ಫೋನ್ ಮಾಡಿದರು. ನಾನು ಹಗಲಿನಲ್ಲಿ ಮಾಡುವುದು ತಾನಾಗಿ ನಿಂತಿತು. ಸಂಜೆ ಒಬ್ಬರು ಕೇಳುತ್ತಾರೆಂದು ಖಾತ್ರಿಯಿದ್ದರೆ ಮನುಷ್ಯ ಒಂದು ಸೀನನ್ನು ಏಳರವರೆಗೆ ಇಟ್ಟುಕೊಳ್ಳಬಲ್ಲ. ಆ ಎರಡು ವರ್ಷದಲ್ಲಿ ಬೋಂಡನಿಗೆ ಮತ್ತೆ ಎರಡೇ ಸಲ ರಕ್ತ ತೆಗೆಯಬೇಕಾಯಿತು. ಫಿಟ್ಸ್ ಬರಲಿಲ್ಲ.

ಕೊನೆಯ ತಿಂಗಳುಗಳಲ್ಲಿ ಅವರು ಸ್ಟೂಲಿನ ಮೇಲೆ ಕೂತು ಕೆಲಸ ಮಾಡತೊಡಗಿದರು. ಅಂಗಿ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ‘ಮೇಡಂ, ನೀವು ಹುಷಾರಾಗಿದೀರಾ?’ ಎಂದು ಒಂದು ಸಲ ಕೇಳಿಯೇಬಿಟ್ಟೆ.

‘ನಿಮ್ಮ ಪಟ್ಟಿಗೆ ನನ್ನನ್ನ ಸೇರಿಸ್ಬೇಡಿ. ಅಲ್ಲಿ ಈಗ್ಲೇ ಜಾಗ ಇಲ್ಲ.’

ಆಮೇಲೆ ಹದಿನೈದು ದಿನ ಕ್ಲಿನಿಕ್ ಇರುವುದಿಲ್ಲವೆಂದರು. ಬಸವೇಶ್ವರನಗರದ ಒಬ್ಬ ಡಾಕ್ಟರ ವಿಳಾಸ ಬರೆದು, ಅಂಟಿಸಿದ ಲಕೋಟೆಯೊಂದನ್ನು ಕೈಗಿತ್ತು, ‘ಮುಂದಿನ ಪರೀಕ್ಷೆಗೆ ಇವರ ಹತ್ರ ಹೋಗಿ,’ ಎಂದರು. ಏಳರ ಫೋನು ಮಾತ್ರ ಬರುತ್ತಿತ್ತು. ಹಿನ್ನೆಲೆಯಲ್ಲಿ ಆಸ್ಪತ್ರೆಯ ಟ್ರಾಲಿ ಉರುಳುವ ಸದ್ದು ಕೇಳುತ್ತಿತ್ತು. ‘ಹೇಳಿ’ ಎನ್ನುವ ಮುಂಚೆ ಒಂದು ಉಸಿರು ಬೇಕಾಗುತ್ತಿತ್ತು. ಒಂಬತ್ತನೆಯ ದಿನ ಏಳೂಕಾಲಾದರೂ ಫೋನ್ ಬರಲಿಲ್ಲ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಈ ಸಲ ನಾನು ತಡಮಾಡಲಿಲ್ಲ, ನಾನೇ ಮಾಡಿದೆ. ಅವರ ಅಕ್ಕ ಎತ್ತಿದರು. ಮಧ್ಯಾಹ್ನ ಮೂರಕ್ಕೆ ಹೋದಳು ಎಂದರು.

ಮಾರನೆಯ ದಿನ ಡಾಕ್ಟ್ರಮ್ಮನ ಮನೆಯ ಬೀದಿಯ ಎರಡೂ ಬದಿಗೆ ಜನ ನಾಯಿಗಳನ್ನು ಹಿಡಿದು ನಿಂತಿದ್ದರು. ಬೊಗಳುವ ನಾಯಿಗಳು ಬೊಗಳಿದವು, ಯಾರೂ ಗದರಿಸಲಿಲ್ಲ.

ಪರೀಕ್ಷೆಯ ದಿನ ಬಂದಾಗ ಬೋಂಡನನ್ನು ಕರೆದುಕೊಂಡು ಬಸವೇಶ್ವರನಗರಕ್ಕೆ ಹೋದೆ. ಡಾಕ್ಟರಿಗೆ ಮೂವತ್ತರ ಆಸುಪಾಸು, ಉತ್ತರ ಕರ್ನಾಟಕದ ಮಾತು. ಲಕೋಟೆ ಒಡೆದು ಓದಿದರು. ಮೂರು ಪುಟ ಇಂಗ್ಲಿಷಿನಲ್ಲಿ: ತೂಕ, ಔಷಧದ ಪ್ರಮಾಣ, ಎಪ್ಪತ್ತಾರರಿಂದ ಹಿಡಿದು ಅಲ್ಲಿಯವರೆಗಿನ ಪ್ರತಿಯೊಂದು ನಂಬರು, ಬಿಳಿ ಕಣ ಕುಸಿದ ಆ ನಾಲ್ಕು ದಿನ. ಕೊನೆಯ ಪುಟದ ಕೆಳಗೆ ಎರಡು ಸಾಲು ಕನ್ನಡದಲ್ಲಿತ್ತು. ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು:

‘ನಾಯಿಯ ಯಜಮಾನರು ಫೋನ್ ಮಾಡಿದರೆ ದಯವಿಟ್ಟು ಎತ್ತಿ. ಮಾಡದೆ ಇದ್ದರೆ ನೀವೇ ಮಾಡಿ.’

ಅವರು ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟರು. ಜೇಬಿನಿಂದ ಫೋನ್ ತೆಗೆದು, ‘ನಿಮ್ ನಂಬರ್ ಹೇಳ್ರಿ ಸರ್,’ ಎಂದರು. ಹತ್ತು ಅಂಕಿಯಲ್ಲಿ ಎರಡನ್ನು ತಪ್ಪು ಹೇಳಿದೆ. ತಿದ್ದಿಕೊಂಡು ಮತ್ತೆ ಮೊದಲಿನಿಂದ ಹೇಳಿದೆ.